ಪರಾವಲಂಬಿ ಕದಿಯುವ ಸಂಕೇತಗಳು: ಔಷಧ ಎಲ್ಲಿ ನಾಟುತ್ತದೆ, ಎಲ್ಲಿ ತಿರುಗಿಬೀಳುತ್ತದೆ

ದನಗಳಿಗೆ ಬರುವ ಥೈಲೀರಿಯಾ ರೋಗ ನೋಡುವುದಕ್ಕೆ ರಕ್ತದ ಕ್ಯಾನ್ಸರಿನಂತೆಯೇ ಇರುತ್ತದೆ. ಉಣುಗು ಕಚ್ಚಿದಾಗ ಮೈಯೊಳಗೆ ಹೊಕ್ಕ ಏಕಕೋಶ ಜೀವಿ ಒಂದು ಬಿಳಿ ರಕ್ತಕಣವನ್ನು ಸೇರಿಕೊಳ್ಳುತ್ತದೆ. ಅಲ್ಲಿಂದಾಚೆ ಆ ಕಣಕ್ಕೆ ಲಂಗುಲಗಾಮಿಲ್ಲ. ಎರಡಾಗುತ್ತದೆ, ನಾಲ್ಕಾಗುತ್ತದೆ, ಒಂದೊಂದು ವಿಭಜನೆಯಲ್ಲೂ ಪರಾವಲಂಬಿ ತಾನೂ ಇಬ್ಭಾಗವಾಗಿ ಎರಡೂ ಮರಿಕಣಗಳಲ್ಲಿ ಪಾಲು ಪಡೆಯುತ್ತದೆ. ಇಂಥ ಕಣಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಹೊರಗಿನಿಂದ ಯಾವ ಬೆಳವಣಿಗೆಯ ಪ್ರಚೋದಕವನ್ನೂ ಸೇರಿಸಬೇಕಿಲ್ಲ. ಇಷ್ಟಾಗಿಯೂ ಬುಪಾರ್ವಾಕ್ವೋನ್ ಎಂಬ ಔಷಧ ಕೊಟ್ಟು ಒಳಗಿನ ಪರಾವಲಂಬಿಯನ್ನು ಕೊಂದರೆ ಕಣದ ಹುಚ್ಚು ಓಟ ನಿಂತುಹೋಗುತ್ತದೆ. ಕ್ಯಾನ್ಸರ್ ಹೀಗೆ ಹಿಂದಿರುಗುವುದಿಲ್ಲ, ಅಲ್ಲಿ ಜೀನುಗಳೇ ಕೆಟ್ಟಿರುತ್ತವೆ. ಥೈಲೀರಿಯಾ ಹಿಡಿದ ಕಣದಲ್ಲಿ ಜೀನುಗಳು ನೆಟ್ಟಗಿರುತ್ತವೆ. ಅವುಗಳಿಗೆ ತಲುಪುತ್ತಿರುವ ಆದೇಶ ಮಾತ್ರ ಸುಳ್ಳು.

ಈ ಸುಳ್ಳು ಆದೇಶ ಹೇಗೆ ಹೊರಡುತ್ತದೆ ಎಂಬುದರ ಒಂದು ತುಣುಕು 2002ರಲ್ಲಿ ಸಿಕ್ಕಿತು. ಬಿಳಿ ರಕ್ತಕಣದಲ್ಲಿ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಇದೆ. ಮಾಮೂಲಾಗಿ ಅದು ಕಟ್ಟಿಹಾಕಿದ ಸ್ಥಿತಿಯಲ್ಲಿರುತ್ತದೆ. ಹೊರಗಿನಿಂದ ಅಪಾಯದ ಸೂಚನೆ ಬಂದಾಗ ಐಕೆಕೆ ಎಂಬ ಕಿಣ್ವಸಮೂಹ ಕಟ್ಟು ಬಿಚ್ಚುತ್ತದೆ, ಪ್ರೋಟೀನ್ ನ್ಯೂಕ್ಲಿಯಸ್ಸಿಗೆ ಹೋಗಿ 'ಸಾಯಬೇಡ, ಬೆಳೆ' ಎನ್ನುವ ಜೀನುಗಳನ್ನು ಎಬ್ಬಿಸುತ್ತದೆ. ಥೈಲೀರಿಯಾ ಈ ಐಕೆಕೆಯನ್ನು ತನ್ನ ಮೈಮೇಲೆಯೇ ಗುಂಪುಗೂಡಿಸಿಕೊಂಡು ಸದಾ ಎಚ್ಚರವಾಗಿಡುತ್ತದೆ. 2015ರಲ್ಲಿ ಇನ್ನೊಂದು ತುಣುಕು ಸೇರಿತು: ಪಿನ್1 ಎಂಬ ಕಿಣ್ವವನ್ನು ಪರಾವಲಂಬಿ ತಾನೇ ತಯಾರಿಸಿ ಆತಿಥೇಯ ಕಣದೊಳಗೆ, ಅಂದರೆ ತಾನು ನೆಲೆಸಿರುವ ಕಣದೊಳಗೆ, ಬಿಡುತ್ತದೆ. ಬೆಳವಣಿಗೆಯ ಆದೇಶ ಹೊತ್ತ ಸಿ-ಜೂನ್ ಎಂಬ ಪ್ರೋಟೀನ್ ಬೇಗ ನಾಶವಾಗದಂತೆ ಅದು ನೋಡಿಕೊಳ್ಳುತ್ತದೆ. ಬುಪಾರ್ವಾಕ್ವೋನ್ ಪರಾವಲಂಬಿಯ ಮೈಟೊಕಾಂಡ್ರಿಯಾವನ್ನು ಹೊಡೆಯುತ್ತದೆ ಎಂದು ಮೊದಲೇ ಗೊತ್ತಿತ್ತು. ಅದು ಈ ಪಿನ್1ಕ್ಕೂ ಅಡ್ಡಬರುತ್ತದೆ ಎಂಬುದು ತಿಳಿದದ್ದು ಆಮೇಲೆ.

ಜಾನುವಾರು ರೋಗದಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ಪರಾವಲಂಬಿ ರೋಗಗಳನ್ನು ನಾವು ಸಾಮಾನ್ಯವಾಗಿ ಕಳ್ಳತನದ ಲೆಕ್ಕದಲ್ಲಿ ನೋಡುತ್ತೇವೆ: ಹುಳು ರಕ್ತ ಹೀರುತ್ತದೆ, ಆಹಾರ ಕದಿಯುತ್ತದೆ, ಕಣ ಒಡೆಯುತ್ತದೆ. ಅದು ನಿಜ, ಆದರೆ ಕಾಲು ಭಾಗದ ನಿಜ. ವರ್ಷಾನುಗಟ್ಟಲೆ ಇನ್ನೊಂದು ಜೀವಿಯ ಮೈಯಲ್ಲಿ ಉಳಿಯಬೇಕಾದರೆ ಅದರ ಮಾತುಕತೆಯಲ್ಲಿ ಕೈಯಾಡಿಸಲೇಬೇಕು. ಮಲೇರಿಯಾ, ಕಾಲಾ ಅಜಾರ್, ನಿದ್ರಾ ರೋಗ, ಷಿಸ್ಟೊಸೋಮ ಎಂಬ ಹುಳುವಿನ ರೋಗ ಇವೆಲ್ಲಕ್ಕೂ ಹೊಸ ಔಷಧ ಹುಡುಕುವ ಕೆಲಸ ಈಗ ಹೆಚ್ಚು ಹೆಚ್ಚಾಗಿ ಈ ಮಾತುಕತೆಯ ಸುತ್ತ ನಡೆಯುತ್ತಿದೆ.

ಸಂಕೇತ ಮಾರ್ಗ ಎಂದರೇನು ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕೋಶದ ಹೊರಮೈಯಲ್ಲಿ ಗ್ರಾಹಕ ಪ್ರೋಟೀನುಗಳಿವೆ. ಹಾರ್ಮೋನೋ, ಪಕ್ಕದ ಕೋಶ ಸುರಿಸಿದ ರಾಸಾಯನಿಕವೋ ಬಂದು ಅದಕ್ಕೆ ಅಂಟಿದಾಗ ಒಳಗೆ ಒಂದು ಬದಲಾವಣೆ ಶುರುವಾಗುತ್ತದೆ. ಕ್ಯಾಲ್ಸಿಯಂ ಪ್ರಮಾಣ ಏರಬಹುದು, ಸೈಕ್ಲಿಕ್ ಎಎಂಪಿ ಅಥವಾ ಸೈಕ್ಲಿಕ್ ಜಿಎಂಪಿ ಎಂಬ ಪುಟ್ಟ ಅಣುಗಳು ಹುಟ್ಟಬಹುದು. ಅವು ಕೈನೇಸ್ ಎಂಬ ಕಿಣ್ವಗಳನ್ನು ಚುರುಕುಗೊಳಿಸುತ್ತವೆ. ಕೈನೇಸಿನ ಕೆಲಸ ಒಂದೇ, ಇನ್ನೊಂದು ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುವುದು. ಫಾಸ್ಫೇಟ್ ಅಂಟಿದ ಪ್ರೋಟೀನ್ ಎಚ್ಚರಗೊಳ್ಳುತ್ತದೆ ಅಥವಾ ಮಲಗುತ್ತದೆ. ಅಂಟಿದ್ದನ್ನು ಕಿತ್ತುಹಾಕಲು ಫಾಸ್ಫಟೇಸ್ ಎಂಬ ಇನ್ನೊಂದು ಗುಂಪಿನ ಕಿಣ್ವಗಳಿವೆ. ಮನುಷ್ಯನಲ್ಲಿ 500ಕ್ಕೂ ಹೆಚ್ಚು ಕೈನೇಸುಗಳಿವೆ. ಮಲೇರಿಯಾ ಪರಾವಲಂಬಿಯಲ್ಲಿ ನೂರರ ಒಳಗೆ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಬದಲಿ ದಾರಿಗಳು ಕಡಿಮೆ ಇರುವ ಜೀವಿಯಲ್ಲಿ ಒಂದು ಕೈನೇಸ್ ಕೈಕೊಟ್ಟರೆ ಆಗುವ ಏಟು ದೊಡ್ಡದು.

ಹೊರಬೀಳುವ ಕ್ಷಣ

ಮಲೇರಿಯಾದ ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಕೆಂಪು ರಕ್ತಕಣದೊಳಗೆ ಸುಮಾರು 48 ಗಂಟೆ ಕಳೆಯುತ್ತದೆ. ಒಂದು ಜೀವಿ ಒಳಹೊಕ್ಕು ಹದಿನಾರೋ ಮೂವತ್ತೋ ಮರಿಗಳಾಗುತ್ತದೆ. ಆಮೇಲೆ ಕಣ ಒಡೆದು ಅಷ್ಟೂ ಹೊರಬರುತ್ತವೆ, ನಿಮಿಷಗಳಲ್ಲಿ ಹೊಸ ಕಣ ಹುಡುಕಿಕೊಂಡು ಒಳಸೇರುತ್ತವೆ. ರೋಗಿಗೆ ಚಳಿಜ್ವರ ಏರುವುದು ಈ ಒಡೆಯುವಿಕೆಯ ಹೊತ್ತಿನಲ್ಲಿ. ಪರಾವಲಂಬಿಗೆ ಇದು ಅತ್ಯಂತ ಅಪಾಯದ ಗಳಿಗೆಯೂ ಹೌದು, ಏಕೆಂದರೆ ಹೊರಗೆ ಪ್ರತಿಕಾಯಗಳು ಕಾದಿರುತ್ತವೆ. ಮರಿಗಳು ಬಲಿಯುವ ಮುಂಚೆ ಕಣ ಒಡೆದರೆ ಎಲ್ಲ ವ್ಯರ್ಥ. ತಡವಾದರೂ ಕಷ್ಟ.

ಹಾಗಾದರೆ ಸಮಯ ಗೊತ್ತಾಗುವುದು ಹೇಗೆ? ಬಲಿತ ಪರಾವಲಂಬಿಯೊಳಗೆ ಸೈಕ್ಲಿಕ್ ಜಿಎಂಪಿ ಏರುತ್ತದೆ. ಅದು ಪಿಕೆಜಿ ಎಂಬ ಕೈನೇಸನ್ನು ಎಬ್ಬಿಸುತ್ತದೆ. ಪಿಕೆಜಿ ಎದ್ದ ಕೂಡಲೇ ಒಳಗಿನ ದಾಸ್ತಾನಿನಿಂದ ಕ್ಯಾಲ್ಸಿಯಂ ಹೊರಬರುತ್ತದೆ. ಕ್ಯಾಲ್ಸಿಯಂ ಸಿಡಿಪಿಕೆ ಗುಂಪಿನ ಕೈನೇಸುಗಳನ್ನು ಎಬ್ಬಿಸುತ್ತದೆ. ಈ ಸರಣಿಯ ಕೊನೆಯಲ್ಲಿ ಪರಾವಲಂಬಿ ತನ್ನ ಸುತ್ತಲಿನ ಚೀಲದೊಳಕ್ಕೆ ಸಬ್1 ಎಂಬ ಪ್ರೋಟೀನ್ ಕತ್ತರಿಸುವ ಕಿಣ್ವವನ್ನು ಸುರಿಯುತ್ತದೆ. ಮೊದಲು ಒಳಚೀಲ ಹರಿಯುತ್ತದೆ, ಆಮೇಲೆ ರಕ್ತಕಣದ ಪೊರೆ. ಹೊರಬಂದ ಮೇಲೆ ಇನ್ನೊಂದು ಕಣಕ್ಕೆ ನುಗ್ಗುವ ಕೆಲಸಕ್ಕೆ ಬೇರೆ ಸಂಕೇತ ಬೇಕು. ಅಲ್ಲಿ ಸೈಕ್ಲಿಕ್ ಎಎಂಪಿ ಮತ್ತು ಪಿಕೆಎ ಎಂಬ ಕೈನೇಸ್ ಮುಂದೆ ಬರುತ್ತವೆ.

ಇದು ಬರೀ ಬಾಣದ ಗುರುತುಗಳ ಚಿತ್ರವಲ್ಲ ಎನ್ನುವುದಕ್ಕೆ ಒಂದು ಪ್ರಯೋಗ ಸಾಕು. ಪಿಕೆಜಿಯನ್ನು ತಡೆಯುವ ಒಂದು ರಾಸಾಯನಿಕ ಹಾಕಿದರೆ ತಟ್ಟೆಯಲ್ಲಿರುವ ಪರಾವಲಂಬಿಗಳೆಲ್ಲ ಪೂರ್ತಿ ಬಲಿತು, ಒಡೆಯುವ ಅಂಚಿನಲ್ಲಿ ನಿಂತುಬಿಡುತ್ತವೆ. ರಾಸಾಯನಿಕವನ್ನು ತೊಳೆದು ತೆಗೆದರೆ ಅರ್ಧ ಗಂಟೆಯೊಳಗೆ ಸಾಲುಸಾಲಾಗಿ ಕಣಗಳು ಒಡೆಯುತ್ತವೆ. ಈ ತಂತ್ರವನ್ನು ಮಲೇರಿಯಾ ಪ್ರಯೋಗಾಲಯಗಳು ಪರಾವಲಂಬಿಗಳನ್ನು ಒಂದೇ ಹೊತ್ತಿಗೆ ತಂದುಕೊಳ್ಳಲು ದಿನವೂ ಬಳಸುತ್ತವೆ. ಇನ್ನೂ ಗಟ್ಟಿಯಾದ ಸಾಕ್ಷಿ ಹೀಗಿದೆ. ಪಿಕೆಜಿಯ 618ನೇ ಸ್ಥಾನದಲ್ಲಿ ಥ್ರಿಯೋನಿನ್ ಎಂಬ ಚಿಕ್ಕ ಅಮೈನೋ ಆಮ್ಲವಿದೆ. ಅದರ ಹಿಂದೆ ಒಂದು ಪುಟ್ಟ ಗೂಡಿದೆ, ತಡೆಯುವ ರಾಸಾಯನಿಕ ಕೂರುವುದು ಅಲ್ಲಿ. ಥ್ರಿಯೋನಿನ್ ಬದಲು ಗಾತ್ರದಲ್ಲಿ ದೊಡ್ಡದಾದ ಗ್ಲುಟಮಿನ್ ಇಟ್ಟ ಪರಾವಲಂಬಿಯನ್ನು ಸೃಷ್ಟಿಸಿದಾಗ ಅದೇ ರಾಸಾಯನಿಕ ಕೆಲಸಕ್ಕೆ ಬರಲಿಲ್ಲ, ಕಣಗಳು ಸಲೀಸಾಗಿ ಒಡೆದವು. ಅಂದರೆ ಆ ರಾಸಾಯನಿಕ ಹೊಡೆಯುತ್ತಿದ್ದದ್ದು ಪಿಕೆಜಿಯನ್ನೇ. ಮನುಷ್ಯನ ಪಿಕೆಜಿಯಲ್ಲಿ ಆ ಜಾಗದಲ್ಲಿ ದೊಡ್ಡ ಅಮೈನೋ ಆಮ್ಲವೇ ಇರುವುದರಿಂದ ಗೂಡು ಮುಚ್ಚಿದೆ. ಔಷಧ ವಿನ್ಯಾಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಬೇಕಿಲ್ಲ.

ಸಿಡಿಪಿಕೆಗಳ ವಿಷಯ ಇನ್ನೂ ಸ್ವಾರಸ್ಯ. ಕ್ಯಾಲ್ಸಿಯಂ ನೇರವಾಗಿ ಅಂಟಿದೊಡನೆ ಎಚ್ಚರಾಗುವ ಈ ಬಗೆಯ ಕೈನೇಸುಗಳು ಗಿಡಮರಗಳಲ್ಲಿವೆ, ಮಲೇರಿಯಾ ಮತ್ತು ಟಾಕ್ಸೊಪ್ಲಾಸ್ಮ ಎಂಬ ಪರಾವಲಂಬಿಗಳ ಬಳಗದಲ್ಲಿವೆ. ಪ್ರಾಣಿಗಳಲ್ಲಿ ಇಲ್ಲ. ಪರಾವಲಂಬಿಗೆ ಅವು ಬೇಕೇ ಬೇಕು, ರೋಗಿಯ ಮೈಯಲ್ಲಿ ಅವುಗಳ ಜೋಡಿ ಇಲ್ಲ. ಸೊಳ್ಳೆಯ ಹೊಟ್ಟೆಯಲ್ಲಿ ನಡೆಯುವ ಘಟನೆ ನೋಡಿ. ಸೊಳ್ಳೆ ರಕ್ತ ಹೀರಿದಾಗ ಪರಾವಲಂಬಿಯ ಗಂಡು ರೂಪ ಮನುಷ್ಯನ ಬಿಸಿರಕ್ತದಿಂದ ಐದಾರು ಡಿಗ್ರಿ ತಣ್ಣಗಿನ ಜಾಗಕ್ಕೆ ಬೀಳುತ್ತದೆ. ಜೊತೆಗೆ ಅಲ್ಲಿ ಕ್ಸಾಂಥುರೆನಿಕ್ ಆಮ್ಲ ಎಂಬ ವಸ್ತು ಸಿಗುತ್ತದೆ. 1998ರಲ್ಲಿ ಗುರುತಿಸಲಾದ ಈ ವಸ್ತುವೇ 'ಸೊಳ್ಳೆ ಸಿಕ್ಕಿತು' ಎನ್ನುವ ಸೂಚನೆ. ಕ್ಯಾಲ್ಸಿಯಂ ಏರುತ್ತದೆ, ಸಿಡಿಪಿಕೆ4 ಏಳುತ್ತದೆ, ಹತ್ತು-ಹದಿನೈದು ನಿಮಿಷಗಳೊಳಗೆ ಆ ಒಂದು ಕೋಶ ತನ್ನ ಡಿಎನ್‌ಎಯನ್ನು ಮೂರು ಬಾರಿ ಇಮ್ಮಡಿಸಿ ಎಂಟು ಈಜುವ ಗಂಡು ಲಿಂಗಾಣುಗಳನ್ನು ಚಿಮ್ಮಿಸುತ್ತದೆ. ಸಿಡಿಪಿಕೆ4 ಇಲ್ಲದ ಪರಾವಲಂಬಿ ಸೊಳ್ಳೆಯಲ್ಲೇ ಕೊನೆಗಾಣುತ್ತದೆ. ಮನುಷ್ಯನನ್ನು ಗುಣಪಡಿಸದಿದ್ದರೂ ಮುಂದಿನ ಮನುಷ್ಯನಿಗೆ ಹರಡದಂತೆ ತಡೆಯುವ ಔಷಧ ಸಾಧ್ಯ ಎಂಬ ಲೆಕ್ಕಾಚಾರ ಹುಟ್ಟಿದ್ದು ಇಲ್ಲಿಂದ.

ಆತಿಥೇಯ ಕೋಶದೊಳಗೆ ಕೈಯಾಡಿಸುವುದು

ಮಲೇರಿಯಾ ತನ್ನ ಗಡಿಯಾರವನ್ನು ತಾನೇ ನಡೆಸುತ್ತದೆ. ಟಾಕ್ಸೊಪ್ಲಾಸ್ಮ ಮಾಡುವುದು ಬೇರೆ. ಮನುಷ್ಯರಲ್ಲಿ ಮೂರನೇ ಒಂದು ಭಾಗದಷ್ಟು ಜನರ ಮೈಯಲ್ಲಿ ತಣ್ಣಗೆ ಕುಳಿತಿದೆ ಎಂದು ಅಂದಾಜಿಸಲಾದ ಈ ಜೀವಿ, ಕೋಶದೊಳಗೆ ನುಗ್ಗುವ ಹೊತ್ತಿನಲ್ಲೇ ತನ್ನ ಮೊನೆಯಲ್ಲಿರುವ ಚೀಲಗಳಿಂದ ಹಲವು ಪ್ರೋಟೀನುಗಳನ್ನು ಒಳಗೆ ಚುಚ್ಚಿಬಿಡುತ್ತದೆ. ಅದರಲ್ಲಿ ಒಂದು ರಾಪ್16. ಅದೂ ಕೈನೇಸೇ. ನಿಮಿಷಗಳಲ್ಲಿ ಆತಿಥೇಯನ ನ್ಯೂಕ್ಲಿಯಸ್ಸಿಗೆ ಹೋಗಿ ಸೇರುತ್ತದೆ, ದಾರಿಯಲ್ಲಿ ಸ್ಟಾಟ್3 ಮತ್ತು ಸ್ಟಾಟ್6 ಎಂಬ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಮಾಮೂಲಾಗಿ ಈ ಎರಡನ್ನು ಎಚ್ಚರಿಸಬೇಕಾದದ್ದು ಮೈಯ ಸ್ವಂತ ಸೈಟೊಕೈನುಗಳು (ರೋಗನಿರೋಧಕ ಕೋಶಗಳು ಸುದ್ದಿ ಕಳಿಸಲು ಬಿಡುವ ಪ್ರೋಟೀನುಗಳು), ಅವುಗಳ ಗ್ರಾಹಕಗಳು. ಪರಾವಲಂಬಿ ಆ ಇಡೀ ಮೇಲಿನ ಸರಣಿಯನ್ನು ಬಿಟ್ಟು ನೇರ ಕೊನೆಯ ಹೆಜ್ಜೆಗೆ ಸಹಿ ಹಾಕುತ್ತದೆ. ಪರಿಣಾಮವಾಗಿ ಐಎಲ್-12 ಎಂಬ ಎಚ್ಚರಿಕೆಯ ರಾಸಾಯನಿಕ ಇಳಿಯುತ್ತದೆ.

ಟಾಕ್ಸೊಪ್ಲಾಸ್ಮದ ಎಲ್ಲ ತಳಿಗಳೂ ಇದನ್ನು ಒಂದೇ ಬಲದಲ್ಲಿ ಮಾಡುವುದಿಲ್ಲ. ರಾಪ್16ರ 503ನೇ ಸ್ಥಾನದಲ್ಲಿ ಒಂದು ಮತ್ತು ಮೂರನೇ ತಳಿಗಳಲ್ಲಿ ಲ್ಯೂಸಿನ್ ಇದೆ, ಎರಡನೇ ತಳಿಯಲ್ಲಿ ಸೆರಿನ್. ಈ ಒಂದೇ ಅಕ್ಷರದ ವ್ಯತ್ಯಾಸದಿಂದ ಎರಡನೇ ತಳಿಯ ರಾಪ್16 ಮಂಕಾಗಿದೆ. ಅದೇ ಎರಡನೇ ತಳಿ ಗ್ರಾ15 ಎಂಬ ಇನ್ನೊಂದು ಪ್ರೋಟೀನಿನ ಮೂಲಕ ಎನ್‌ಎಫ್-ಕಪ್ಪಾ-ಬಿಯನ್ನು, ಅಂದರೆ ಉರಿಯೂತವನ್ನು, ತಾನಾಗಿ ಏರಿಸುತ್ತದೆ! ಮೊದಲ ಸಲ ಓದಿದಾಗ ಇದು ತಲೆಕೆಳಗಾಗಿ ಕಾಣುತ್ತದೆ. ಪರಾವಲಂಬಿ ರೋಗನಿರೋಧಕ ಶಕ್ತಿಯನ್ನು ಕೆರಳಿಸುವುದೇಕೆ? ನನಗೆ ಒಪ್ಪಿಗೆಯಾಗುವ ವಿವರಣೆ ಇದು: ಆತಿಥೇಯ ಸತ್ತರೆ ಪರಾವಲಂಬಿಯೂ ಸತ್ತಂತೆ. ತಾನು ಮಿತಿಮೀರಿ ಬೆಳೆದು ಇಲಿಯನ್ನು ಕೊಂದರೆ ತನ್ನ ಕೊನೆಯ ನೆಲೆಯಾದ ಬೆಕ್ಕನ್ನು ತಲುಪುವ ಅವಕಾಶ ಕಡಿಮೆ. ಆದ್ದರಿಂದ ತನ್ನ ಮೇಲೆ ತಾನೇ ಒಂದಿಷ್ಟು ಕಾವಲು ಹಾಕಿಸಿಕೊಂಡು ಗುಳ್ಳೆ ಕಟ್ಟಿಕೊಂಡು ಮಲಗುವುದು ಲಾಭ. ಪರಾವಲಂಬಿ ಎಂದರೆ ರೋಗನಿರೋಧಕ ಶಕ್ತಿಯನ್ನು ಅದುಮುವ ಜೀವಿ ಎಂಬ ಸರಳ ಚಿತ್ರ ಇಲ್ಲಿ ನಿಲ್ಲುವುದಿಲ್ಲ. ಅದು ಬಯಸುವುದು ತನಗೆ ಒಗ್ಗುವ ಮಟ್ಟವನ್ನು.

ಚಿಕಿತ್ಸೆಯ ದೃಷ್ಟಿಯಿಂದ ಇನ್ನೊಂದು ಸಂಗತಿ ಮುಖ್ಯ. ಟಾಕ್ಸೊಪ್ಲಾಸ್ಮವನ್ನು ಕೊಲ್ಲಲು ಮೈಗೆ ಇಂಟರ್‌ಫೆರಾನ್ ಗಾಮಾ ಎಂಬ ಸೈಟೊಕೈನ್ ಬೇಕು. ಕೋಶಕ್ಕೆ ಮೊದಲು ಇಂಟರ್‌ಫೆರಾನ್ ತಾಗಿ ಆಮೇಲೆ ಪರಾವಲಂಬಿ ಬಂದರೆ ಕೋಶ ಅದನ್ನು ಕೊಲ್ಲಬಲ್ಲದು. ಪರಾವಲಂಬಿ ಮೊದಲೇ ಒಳಗಿದ್ದು ಆಮೇಲೆ ಇಂಟರ್‌ಫೆರಾನ್ ಬಂದರೆ ಕೋಶ ಕಿವುಡಾಗಿರುತ್ತದೆ. 2016ರಲ್ಲಿ ಪತ್ತೆಯಾದ ಟಿಜಿಇಸ್ಟ್ ಎಂಬ ಪರಾವಲಂಬಿ ಪ್ರೋಟೀನ್ ನ್ಯೂಕ್ಲಿಯಸ್ಸಿನಲ್ಲಿ, ಇಂಟರ್‌ಫೆರಾನಿನ ಆದೇಶ ಒಯ್ಯುವ ಸ್ಟಾಟ್1 ಪ್ರೋಟೀನ್ ಕೂರುವ ಜೀನುಗಳಿಗೆ ಬೀಗ ಜಡಿದಿರುತ್ತದೆ. ಒಂದೇ ಸಂಕೇತ, ಒಂದೇ ಕೋಶ, ಬಂದ ಕ್ರಮ ಮಾತ್ರ ಬೇರೆ.

ಕಾಲಾ ಅಜಾರ್ ತರುವ ಲೀಶ್‌ಮೇನಿಯಾ ಇನ್ನೂ ಧೈರ್ಯದ ಜೀವಿ. ರೋಗಾಣುಗಳನ್ನು ನುಂಗಿ ಕೊಲ್ಲಲೆಂದೇ ಇರುವ ಮ್ಯಾಕ್ರೋಫೇಜ್ ಕೋಶದೊಳಗೇ ಸಂಸಾರ ಹೂಡುತ್ತದೆ. ಅದರ ಮೈಮೇಲಿನ ಜಿಪಿ63 ಎಂಬ ಕತ್ತರಿಸುವ ಕಿಣ್ವ ಮ್ಯಾಕ್ರೋಫೇಜಿನೊಳಗೆ ಹೋಗಿ ಎಸ್‌ಎಚ್‌ಪಿ-1 ಎಂಬ ಫಾಸ್ಫಟೇಸಿನ ಒಂದು ತುಂಡನ್ನು ಕತ್ತರಿಸುತ್ತದೆ. ಕತ್ತರಿಸಿದ ಮೇಲೆ ಆ ಫಾಸ್ಫಟೇಸ್ ವಿಪರೀತ ಚುರುಕಾಗುತ್ತದೆ, ಇಂಟರ್‌ಫೆರಾನಿನ ಆದೇಶ ಹೊತ್ತ ಫಾಸ್ಫೇಟುಗಳನ್ನು ಅಂಟಿಸಿದಷ್ಟೂ ಕಿತ್ತುಹಾಕುತ್ತದೆ. ಆದೇಶ ಬರುತ್ತಲೇ ಇರುತ್ತದೆ, ಕೆಲಸ ನಡೆಯುವುದಿಲ್ಲ. ಎಸ್‌ಎಚ್‌ಪಿ-1 ಇಲ್ಲದ ಇಲಿಗಳಲ್ಲಿ ಲೀಶ್‌ಮೇನಿಯಾ ಅಷ್ಟು ಸುಲಭಕ್ಕೆ ನೆಲೆಯೂರುವುದಿಲ್ಲ.

ಕಾಲಾ ಅಜಾರಿಗೆ ದಶಕಗಳ ಕಾಲ ಕೊಟ್ಟ ಔಷಧ ಆಂಟಿಮನಿ. ಅದು ಪರಾವಲಂಬಿಗೆ ವಿಷ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. 2001ರಲ್ಲಿ ಪ್ರಕಟವಾದ ಕೆಲಸವೊಂದು ಬೇರೆಯದನ್ನು ತೋರಿಸಿತು: ಸೋಡಿಯಂ ಸ್ಟಿಬೊಗ್ಲುಕೊನೇಟ್ ಎಂಬ ಆಂಟಿಮನಿ ಔಷಧ ಮನುಷ್ಯನ ಎಸ್‌ಎಚ್‌ಪಿ-1 ಅನ್ನೇ ತಡೆಯುತ್ತದೆ. ಪರಾವಲಂಬಿ ಯಾವ ಕಿಣ್ವವನ್ನು ಕೆರಳಿಸಿ ಬದುಕುತ್ತಿತ್ತೋ ಅದೇ ಕಿಣ್ವವನ್ನು ಔಷಧ ಮಲಗಿಸುತ್ತಿತ್ತು. ಯಾರೂ ಹಾಗೆಂದು ಯೋಜಿಸಿ ಕೊಟ್ಟದ್ದಲ್ಲ. ಆಂಟಿಮನಿಯ ಪರಿಣಾಮದಲ್ಲಿ ಇದರ ಪಾಲು ಎಷ್ಟು ಎಂದು ತೂಗಿ ಹೇಳುವುದು ಕಷ್ಟ, ಆದರೆ ಹಳೆಯ ಔಷಧಗಳನ್ನು ಸಂಕೇತ ಮಾರ್ಗದ ಕಣ್ಣಿನಿಂದ ಮತ್ತೊಮ್ಮೆ ನೋಡುವುದು ದಂಡವಲ್ಲ.

ನಿದ್ರಾ ರೋಗದ ಟ್ರಿಪನೊಸೋಮ ಕೋಶದೊಳಗೆ ಹೋಗುವುದೇ ಇಲ್ಲ, ರಕ್ತದಲ್ಲಿ ಈಜಾಡುತ್ತದೆ. ಅದು ತನ್ನ ಬಳಗದೊಡನೆ ಮಾತಾಡುತ್ತದೆ. ರಕ್ತದಲ್ಲಿ ಸಂಖ್ಯೆ ಹೆಚ್ಚಿದಂತೆ ಅವು ಬಿಡುವ ಕಿಣ್ವಗಳು ಸುತ್ತಲಿನ ಪ್ರೋಟೀನುಗಳನ್ನು ಪುಟ್ಟ ಪೆಪ್ಟೈಡ್ ತುಣುಕುಗಳನ್ನಾಗಿ ಮಾಡುತ್ತವೆ. ಆ ತುಣುಕುಗಳ ಪ್ರಮಾಣವೇ 'ಇಲ್ಲಿ ಜನ ಜಾಸ್ತಿಯಾಯಿತು' ಎಂಬ ಸುದ್ದಿ. ಜಿಪಿಆರ್89 ಎಂಬ ಹೊರಮೈ ಪ್ರೋಟೀನ್ ಅವನ್ನು ಒಳಗೆ ತೆಗೆದುಕೊಳ್ಳುತ್ತದೆ, ಟ್ರಿಪನೊಸೋಮ ವಿಭಜನೆ ನಿಲ್ಲಿಸಿ ಸೆಟ್ಸೆ ನೊಣ ಹೀರಿಕೊಂಡರೆ ಬದುಕಬಲ್ಲ ಕುಳ್ಳ ರೂಪ ತಾಳುತ್ತದೆ. 2019ರಲ್ಲಿ ಬಿಡಿಸಿದ ಈ ಒಗಟು ಒಂದು ಇಕ್ಕಟ್ಟನ್ನೂ ತಂದಿದೆ. ಈ ಸಂಕೇತವನ್ನು ಕೃತಕವಾಗಿ ಏರಿಸಿದರೆ ರಕ್ತದಲ್ಲಿ ಪರಾವಲಂಬಿ ಬೆಳೆಯುವುದು ನಿಲ್ಲುತ್ತದೆ, ನಿಜ. ಆದರೆ ಹರಡಬಲ್ಲ ರೂಪಗಳೇ ಹೆಚ್ಚಾಗುತ್ತವೆ. ರೋಗಿಗೆ ಒಳ್ಳೆಯದಾದದ್ದು ಊರಿಗೆ ಕೆಟ್ಟದ್ದಾಗಬಹುದು.

ಹುಳುಗಳ ಲೋಕ

ಹುಳುಗಳ ವಿಷಯದಲ್ಲಿ ನಮ್ಮ ಅತ್ಯುತ್ತಮ ಔಷಧಗಳು ಯಾರಿಗೂ ಗೊತ್ತಾಗುವ ಮುಂಚೆಯೇ ಸಂಕೇತ ಮಾರ್ಗಗಳನ್ನು ಹೊಡೆಯುತ್ತಿದ್ದವು. ಐವರ್‌ಮೆಕ್ಟಿನ್ ಹುಳುವಿನ ನರ ಮತ್ತು ಸ್ನಾಯುಗಳಲ್ಲಿರುವ, ಗ್ಲುಟಮೇಟಿಗೆ ತೆರೆದುಕೊಳ್ಳುವ ಕ್ಲೋರೈಡ್ ಬಾಗಿಲುಗಳನ್ನು ತೆರೆದಿಟ್ಟು ಹುಳುವನ್ನು ಜಡವಾಗಿಸುತ್ತದೆ. ಇಂಥ ಬಾಗಿಲು ಮನುಷ್ಯನಲ್ಲಿಲ್ಲ. ಪ್ರಾಜಿಕ್ವಾಂಟೆಲ್ ಕಥೆ ಇನ್ನೂ ಉದ್ದ. 1970ರ ದಶಕದಿಂದ ಷಿಸ್ಟೊಸೋಮಕ್ಕೆ ಅದೇ ಮದ್ದು. ಕೊಟ್ಟ ಕೂಡಲೇ ಹುಳುವಿನ ಮೈಗೆ ಕ್ಯಾಲ್ಸಿಯಂ ನುಗ್ಗಿ ಅದು ಸೆಟೆದುಕೊಳ್ಳುತ್ತದೆ ಎಂದು ಕಣ್ಣಿಗೆ ಕಾಣುತ್ತಿತ್ತು, ಎಲ್ಲಿಂದ ನುಗ್ಗುತ್ತದೆ ಎಂದು ನಲವತ್ತು ವರ್ಷ ತಿಳಿಯಲಿಲ್ಲ. 2019ರಲ್ಲಿ ಟಿಆರ್‌ಪಿಎಂ ಬಳಗದ ಒಂದು ಅಯಾನು ಬಾಗಿಲು ಸಿಕ್ಕಿತು. ಯಕೃತ್ತಿನ ಹುಳು ಫ್ಯಾಸಿಯೋಲ ಪ್ರಾಜಿಕ್ವಾಂಟೆಲಿಗೆ ಬಗ್ಗದಿರುವ ಕಾರಣವೂ ಅದರ ಹಿಂದೆಯೇ ಗೊತ್ತಾಯಿತು: ಔಷಧ ಕೂರಬೇಕಾದ ಜಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬೇರೆ.

ಷಿಸ್ಟೊಸೋಮ ರೋಗದಲ್ಲಿ ಕಾಟ ಕೊಡುವುದು ಹುಳುವಿಗಿಂತ ಹೆಚ್ಚಾಗಿ ಅದರ ಮೊಟ್ಟೆ. ಯಕೃತ್ತಿನಲ್ಲೋ ಮೂತ್ರಕೋಶದ ಗೋಡೆಯಲ್ಲೋ ಸಿಕ್ಕಿಬಿದ್ದ ಮೊಟ್ಟೆಗಳ ಸುತ್ತ ಗಂಟು ಕಟ್ಟಿ ಅಂಗ ಗಡುಸಾಗುತ್ತದೆ. ಹೆಣ್ಣು ಹುಳು ಗಂಡಿನ ಮೈಯ ತೋಡಿನಲ್ಲಿ ಸೇರಿಕೊಂಡಿದ್ದರೆ ಮಾತ್ರ ಬಲಿತು ಮೊಟ್ಟೆ ಇಡುತ್ತದೆ. ಒಂಟಿ ಹೆಣ್ಣು ಬಲಿಯುವುದೇ ಇಲ್ಲ. ಗಂಡು ಕೊಡುವುದಾದರೂ ಏನನ್ನು ಎಂಬ ಪ್ರಶ್ನೆಗೆ 2022ರಲ್ಲಿ ಉತ್ತರ ಬಂತು: ಬೀಟಾ-ಅಲನೈಲ್-ಟ್ರಿಪ್ಟಮೀನ್ ಎಂಬ ಪುಟ್ಟ ಅಣು. ಗಂಡಿಲ್ಲದೆ ಈ ಅಣುವನ್ನಷ್ಟೇ ಕೊಟ್ಟರೂ ಹೆಣ್ಣು ಮೊಟ್ಟೆ ಇಡತೊಡಗುತ್ತದೆ. ಈ ಅಣುವನ್ನು ತಯಾರಿಸುವ ಕಿಣ್ವವನ್ನು ತಡೆದರೆ ಹುಳು ಬದುಕಿದ್ದರೂ ರೋಗ ಇರದು ಎಂಬ ಯೋಚನೆ ಸಹಜವಾಗಿಯೇ ಬರುತ್ತದೆ. ಔಷಧವಾಗಿ ಬರಲು ಇನ್ನೂ ಬಹಳ ದೂರ, ಆದರೆ ಈ ಕ್ಷೇತ್ರದಲ್ಲಿ ನಾನು ಓದಿದ ಅತ್ಯಂತ ಸೊಗಸಾದ ಶೋಧ ಇದೇ.

ಇಲಿಯ ಕರುಳಿನಲ್ಲಿ ಇರುವ ಹೆಲಿಗ್ಮೊಸೊಮಾಯ್ಡಿಸ್ ಎಂಬ ದುಂಡುಹುಳು ಟಿಜಿಎಂ ಎಂಬ ಪ್ರೋಟೀನ್ ಬಿಡುತ್ತದೆ. ಉರಿಯೂತ ತಣಿಸುವ ನಮ್ಮ ಮೈಯ ಸಂಕೇತ ಟಿಜಿಎಫ್-ಬೀಟಾಕ್ಕೂ ಅದಕ್ಕೂ ರೂಪದಲ್ಲಿ ಸಂಬಂಧವೇ ಇಲ್ಲ, ಆದರೂ ಅದೇ ಗ್ರಾಹಕಕ್ಕೆ ಅಂಟಿ ಅದೇ 'ಶಾಂತವಾಗಿರಿ' ಎಂಬ ಆದೇಶವನ್ನು ರೋಗನಿರೋಧಕ ಕೋಶಗಳಿಗೆ ಕೊಡುತ್ತದೆ. ಉರಿಯೂತದ ಕಾಯಿಲೆಗಳಿಗೆ ಇದನ್ನೇ ಮದ್ದಾಗಿಸುವ ಆಸೆ ಹಲವರಿಗಿದೆ.

ತಟ್ಟೆಯಿಂದ ರೋಗಿಯವರೆಗೆ

ಇಷ್ಟೆಲ್ಲ ಮಾರ್ಗಗಳು ಗೊತ್ತಿದ್ದ ಮೇಲೆ ಔಷಧಗಳು ಸಾಲುಗಟ್ಟಿರಬೇಕಿತ್ತಲ್ಲ? ಇಲ್ಲ. ಕ್ಯಾನ್ಸರಿನ ಇಮಾಟಿನಿಬ್ ಎಂಬ ಪ್ರಸಿದ್ಧ ಕೈನೇಸ್ ತಡೆಗೋಲು ತಟ್ಟೆಯಲ್ಲಿಟ್ಟ ಷಿಸ್ಟೊಸೋಮಗಳನ್ನು ಕೊಲ್ಲುತ್ತದೆ ಎಂದು 2010ರಲ್ಲಿ ತೋರಿಸಲಾಯಿತು. ಪ್ರಾಣಿಗಳಿಗೆ ಕೊಟ್ಟಾಗ ಹುಳುಗಳು ಹಾಯಾಗಿದ್ದವು. ರಕ್ತದಲ್ಲಿರುವ ಆಲ್ಬುಮಿನ್ ಮತ್ತು ಇನ್ನೊಂದು ಪ್ರೋಟೀನ್ ಇಮಾಟಿನಿಬನ್ನು ಹಿಡಿದಿಟ್ಟುಕೊಳ್ಳುತ್ತವೆ, ಹುಳುವಿಗೆ ತಲುಪುವುದು ಸಾಲುವುದಿಲ್ಲ. 'ಈ ಮಾರ್ಗ ಔಷಧಕ್ಕೆ ಗುರಿಯಾಗಬಲ್ಲದು' ಎಂಬ ವಾಕ್ಯದಿಂದ ಮುಗಿಯುವ ಪ್ರಬಂಧಗಳು ಲೆಕ್ಕವಿಲ್ಲದಷ್ಟಿವೆ. ಆ ವಾಕ್ಯ ಓದಿದಾಗಲೆಲ್ಲ ನಾನು ಕೇಳಿಕೊಳ್ಳುವುದು ಮೂರು ಮಾತು: ಜೀವಂತ ಪ್ರಾಣಿಯಲ್ಲಿ ನೋಡಿದ್ದಾರೆಯೇ, ಗುರಿಯಲ್ಲೇ ರೂಪಾಂತರ ಮಾಡಿ ಔಷಧ ಸೋಲುವುದನ್ನು ತೋರಿಸಿದ್ದಾರೆಯೇ, ಮನುಷ್ಯನ ಜೋಡಿ ಕಿಣ್ವಕ್ಕೆ ಏನಾಗುತ್ತದೆ?

ಟಾಕ್ಸೊಪ್ಲಾಸ್ಮದ ಸಿಡಿಪಿಕೆ1 ಈ ಪರೀಕ್ಷೆಯಲ್ಲಿ ಬಹುಪಾಲು ಪಾಸು. ಅದರ ಗೂಡಿನ ಬಾಗಿಲಲ್ಲಿ ಗ್ಲೈಸಿನ್ ಇದೆ, ಅಮೈನೋ ಆಮ್ಲಗಳಲ್ಲೇ ಅತಿ ಚಿಕ್ಕದು. ಉಬ್ಬು ಕೂರಿಸಿದ ತಡೆಗೋಲುಗಳು ಅಲ್ಲಿ ಸರಾಗವಾಗಿ ಒಳಸೇರುತ್ತವೆ, ಮನುಷ್ಯನ ಕೈನೇಸುಗಳಲ್ಲಿ ಸೇರುವುದಿಲ್ಲ. ಇಲಿಗಳಲ್ಲಿ ಫಲವೂ ಕಂಡಿದೆ. ಮೊದಮೊದಲ ಅಣುಗಳಿಗೆ ತೊಡಕಾದದ್ದು ಪೂರ್ತಿ ಬೇರೆಯದು, ಹೃದಯದ ಪೊಟ್ಯಾಸಿಯಂ ಬಾಗಿಲಿಗೆ ಅಡ್ಡಿ. ರಸಾಯನಶಾಸ್ತ್ರಜ್ಞರು ಅದನ್ನು ಸರಿಪಡಿಸಲು ವರ್ಷಗಳನ್ನು ಕಳೆದರು. ಮಲೇರಿಯಾದ ಸಿಎಲ್‌ಕೆ3 ಕೈನೇಸನ್ನು ಹೊಡೆಯುವ ಅಣು 2019ರಲ್ಲಿ ವರದಿಯಾಯಿತು, ಅದು ಪರಾವಲಂಬಿಯ ಹಲವು ಹಂತಗಳಲ್ಲಿ ಕೆಲಸ ಮಾಡುತ್ತದೆ. ಲೀಶ್‌ಮೇನಿಯಾದ ಸಿಆರ್‌ಕೆ12 ಕೈನೇಸಿಗೆ ಗುರಿಯಿಟ್ಟ ಅಣು 2018ರಲ್ಲಿ ಬಂತು. ಪಿಐ4ಕೆ ಎಂಬ ಲಿಪಿಡ್ ಕೈನೇಸ್ ಮಲೇರಿಯಾಕ್ಕೂ, ಮಕ್ಕಳ ಭೇದಿಗೆ ಕಾರಣವಾಗುವ ಕ್ರಿಪ್ಟೊಸ್ಪೊರಿಡಿಯಂಗೂ ಸಮಾನ ಗುರಿ.

ಆತಿಥೇಯನ ಸಂಕೇತವನ್ನೇ ತಿದ್ದುವ ಚಿಕಿತ್ಸೆಗೆ ಒಂದು ದೊಡ್ಡ ಆಕರ್ಷಣೆ ಇದೆ. ಪರಾವಲಂಬಿ ತನ್ನ ಜೀನು ಬದಲಿಸಿಕೊಳ್ಳಬಹುದು, ನಮ್ಮ ಜೀನನ್ನು ಬದಲಿಸಲಾರದು. ಮೇಲೆ ಹುಳುವಿನ ವಿಷಯದಲ್ಲಿ ಸೋತ ಇಮಾಟಿನಿಬೇ ಮಲೇರಿಯಾದಲ್ಲಿ ಹೀಗೆ ಮರಳಿ ಬಂತು. ಪರಾವಲಂಬಿ ಬಲಿತಾಗ ಕೆಂಪು ಕಣದ ಸ್ವಂತ ಟೈರೊಸಿನ್ ಕೈನೇಸ್ ಬ್ಯಾಂಡ್ 3 ಎಂಬ ಪೊರೆ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ, ಪೊರೆ ಸಡಿಲಾಗುತ್ತದೆ, ಒಡೆಯುವುದು ಸುಲಭವಾಗುತ್ತದೆ. ಆ ಕೈನೇಸನ್ನು ಇಮಾಟಿನಿಬ್ ತಡೆದರೆ ಮರಿಗಳು ಒಳಗೇ ಸಿಕ್ಕಿಬೀಳುತ್ತವೆ. ವಿಯೆಟ್ನಾಮಿನಲ್ಲಿ ನಡೆದ ಸಣ್ಣ ಪ್ರಯೋಗವೊಂದರ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಮಾಮೂಲಿ ಔಷಧದೊಡನೆ ಇಮಾಟಿನಿಬ್ ಸೇರಿಸಿದಾಗ ಜ್ವರವೂ ಪರಾವಲಂಬಿಯೂ ಬೇಗ ಇಳಿದವು. ಪ್ರಯೋಗ ಸಣ್ಣದು, ಇದರ ಮೇಲೆ ಕೋಟೆ ಕಟ್ಟುವಂತಿಲ್ಲ.

ಕೋಟೆ ಕಟ್ಟಬಾರದು ಎನ್ನಲು ಹಳೆಯ ಪಾಠಗಳಿವೆ. ಮಿದುಳಿಗೆ ಏರಿದ ಮಲೇರಿಯಾದಲ್ಲಿ ಟಿಎನ್‌ಎಫ್ ಎಂಬ ಉರಿಯೂತದ ಸಂಕೇತ ವಿಪರೀತ ಏರಿರುತ್ತದೆ. ಅದನ್ನು ಹಿಡಿದುಹಾಕಿದರೆ ಮಕ್ಕಳು ಬದುಕುತ್ತಾರೆ ಎಂಬ ತರ್ಕದಲ್ಲಿ ಗ್ಯಾಂಬಿಯಾದಲ್ಲಿ 610 ಮಕ್ಕಳ ಮೇಲೆ ಟಿಎನ್‌ಎಫ್ ವಿರೋಧಿ ಪ್ರತಿಕಾಯದ ಪ್ರಯೋಗ ನಡೆಯಿತು. 1996ರಲ್ಲಿ ಬಂದ ಫಲಿತಾಂಶ: ಪ್ರತಿಕಾಯ ಪಡೆದವರಲ್ಲಿ ಶೇ. 19.9, ಪಡೆಯದವರಲ್ಲಿ ಶೇ. 20.8 ಸಾವು, ಅಂದರೆ ವ್ಯತ್ಯಾಸವೇ ಇಲ್ಲ. ಬದುಕುಳಿದವರಲ್ಲಿ ನರಸಂಬಂಧಿ ನ್ಯೂನತೆ ಪ್ರತಿಕಾಯ ಪಡೆದವರಲ್ಲೇ ಹೆಚ್ಚು. ಅದಕ್ಕೂ ಮುಂಚೆ 1982ರಲ್ಲಿ ಡೆಕ್ಸಾಮೆಥಸೋನ್ ಸ್ಟಿರಾಯ್ಡ್ ಪಡೆದ ಇಂಥದೇ ರೋಗಿಗಳ ಪ್ರಜ್ಞಾಹೀನತೆ ಇನ್ನಷ್ಟು ಉದ್ದವಾಗಿತ್ತು. ಸ್ಟ್ರಾಂಜಿಲಾಯ್ಡಿಸ್ ಎಂಬ ಕರುಳಿನ ಹುಳುವಿದ್ದವರಿಗೆ ಬೇರಾವುದೋ ಕಾರಣಕ್ಕೆ ಸ್ಟಿರಾಯ್ಡ್ ಕೊಟ್ಟಾಗ ಹುಳು ಮೈಯೆಲ್ಲ ಹರಡಿ ಪ್ರಾಣ ಹೋದ ಪ್ರಕರಣಗಳು ವೈದ್ಯರಿಗೆ ಚೆನ್ನಾಗಿ ಗೊತ್ತು.

ಇವುಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದಾಗ ನನ್ನ ಅಭಿಪ್ರಾಯ ಇಷ್ಟು. ಪರಾವಲಂಬಿಗೆ ಮಾತ್ರ ಸೇರಿದ ಸಂಕೇತ ಸಿಕ್ಕಿದರೆ ಅದನ್ನು ಮೊದಲು ಹೊಡೆಯಬೇಕು, ಅಲ್ಲಿ ಸೋತರೂ ನಷ್ಟ ಔಷಧದ್ದು. ಆತಿಥೇಯನ ಸಂಕೇತವನ್ನು ಮುಟ್ಟುವುದಾದರೆ ಕೆಂಪು ಕಣದ ಕೈನೇಸಿನಂಥ ಸಣ್ಣ, ಒಂದೇ ಕೆಲಸದ ಜಾಗವನ್ನು ಮುಟ್ಟಬೇಕು. ಟಿಎನ್‌ಎಫ್‌ನಂತೆ ಇಡೀ ಮೈಗೆ ಕೇಳಿಸುವ ಆದೇಶವನ್ನು ಅದುಮಿದರೆ ಯಾವ ಹೊತ್ತಿನಲ್ಲಿ ಅದು ಕಾಯುತ್ತಿತ್ತು, ಯಾವ ಹೊತ್ತಿನಲ್ಲಿ ಕೊಲ್ಲುತ್ತಿತ್ತು ಎಂದು ಬೇರ್ಪಡಿಸಲಾಗದು. ರೋಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ಸಂಕೇತ ತನ್ನ ಕೆಲಸ ಮುಗಿಸಿರುವುದೇ ಹೆಚ್ಚು.

ಈ ಚರ್ಚೆಗೆ ಈಗ ಅವಸರ ಬಂದಿರುವುದು ಮಲೇರಿಯಾದ ಮುಖ್ಯ ಔಷಧ ಆರ್ಟೆಮಿಸಿನಿನ್ ಕಾರಣಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ 26 ಕೋಟಿ 30 ಲಕ್ಷ ಮಲೇರಿಯಾ ಪ್ರಕರಣಗಳು, 5 ಲಕ್ಷ 97 ಸಾವಿರ ಸಾವುಗಳು. ಚಿಕಿತ್ಸೆ ಬಹುಪಾಲು ನಿಂತಿರುವುದು ಆರ್ಟೆಮಿಸಿನಿನ್ ಜೋಡಿ ಔಷಧಗಳ ಮೇಲೆ. ಕಾಂಬೋಡಿಯಾದ ಕಡೆ ಮೊದಲು ಕಂಡ ಪ್ರತಿರೋಧ ಈಗ ರುವಾಂಡಾ, ಉಗಾಂಡಾ, ಎರಿಟ್ರಿಯಾಗಳಲ್ಲಿ ಸ್ವತಂತ್ರವಾಗಿ ಹುಟ್ಟಿಕೊಂಡಿದೆ. ಗುರುತು ಕೆಲ್ಚ್13 ಎಂಬ ಜೀನಿನ ರೂಪಾಂತರ. ಅದು ಪರಾವಲಂಬಿಯ ಎಳೆಯ ಹಂತದಲ್ಲಿ ಹಿಮೋಗ್ಲೋಬಿನ್ ನುಂಗುವುದನ್ನು ತಗ್ಗಿಸುತ್ತದೆ, ಅದರಿಂದ ಔಷಧ ಚುರುಕಾಗುವುದೂ ತಗ್ಗುತ್ತದೆ. ಆದರೆ ಔಷಧದ ಹೊಡೆತ ತಿಂದು ಕೆಲವು ಜೀವಿಗಳು ದಿನಗಟ್ಟಲೆ ಮಂಕಾಗಿ ಮಲಗಿ ಆಮೇಲೆ ಏಳುವುದು ಒಂದು ಸಂಕೇತದ ಕೆಲಸ. ಒತ್ತಡ ಬಿದ್ದಾಗ ಪಿಕೆ4 ಎಂಬ ಕೈನೇಸ್ ಇಐಎಫ್2-ಆಲ್ಫಾ ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ, ಪರಾವಲಂಬಿ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸಿ ನಿದ್ದೆಗೆ ಜಾರುತ್ತದೆ. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪಿಕೆ4 ತಡೆಯುವ ಅಣುವನ್ನು ಆರ್ಟೆಮಿಸಿನಿನ್ ಜೊತೆ ಕೊಟ್ಟಾಗ ಮಲೇರಿಯಾ ಮರಳಿ ಏಳಲಿಲ್ಲ. ಬಳಸಿದ ಅಣು ಮೂಲತಃ ಮನುಷ್ಯನ ಪರ್ಕ್ ಎಂಬ ಜೋಡಿ ಕೈನೇಸಿಗೆ ತಯಾರಾದದ್ದು, ಹಾಗಾಗಿ ಅದನ್ನೇ ರೋಗಿಗೆ ಕೊಡುವಂತಿಲ್ಲ. ಪರ್ಕನ್ನು ಮುಟ್ಟದೆ ಪಿಕೆ4 ಒಂದನ್ನೇ ಹಿಡಿಯುವ ಅಣು ಬೇಕು. ಪಿಕೆಜಿಯಲ್ಲಿ ಸಿಕ್ಕಂಥ ಬಿಡಿ ಗೂಡು ಪಿಕೆ4ರಲ್ಲೂ ಇದ್ದರೆ ಆರ್ಟೆಮಿಸಿನಿನ್‌ಗೆ ಇನ್ನಷ್ಟು ವರ್ಷಗಳ ಆಯಸ್ಸು ಕೂಡಬಹುದು.